ಕಿರುಬೆರಳಿನ ಸುಳ್ಳು

‘ಕೈಚಳಕದ ಚಕ್ರವರ್ತಿ’ ಎಂದು ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುತ್ತಿದ್ದ ಪ್ರೊಫೆಸರನ ಕೈಯಲ್ಲಿ ನಿಜವಾಗಿ ಯಾವ ಚಳಕವೂ ಇರಲಿಲ್ಲ. ಇದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಅವನೇ, ಇನ್ನೊಬ್ಬಳು ಅವನ ಹೆಂಡತಿ. ಅವನು ಯಾವ ಕಾಲೇಜಿನ ಪ್ರೊಫೆಸರನೂ ಆಗಿರಲಿಲ್ಲ ಬಿಡಿ. ಜಾದೂ ಮಾಡುವವರು ತಮಗೆ ತಾವೇ ಕೊಟ್ಟುಕೊಳ್ಳುವ ಪದವಿ ಅದು. ಯಾರೂ ಸರ್ಟಿಫಿಕೇಟು ಕೇಳುವುದಿಲ್ಲ.

ಹೆಂಡತಿ ಹುಡುಗಿಯಾಗಿದ್ದಾಗಿನಿಂದ ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅಲ್ಲಿಯವರು ಇಟ್ಟ ರಟ್ಟಮ್ಮ ಎಂಬ ಹೆಸರೇ ಅವಳಿಗೆ ಗಟ್ಟಿಯಾಯಿತು. ಒಂದು ದಸ್ತು ಕಾಗದವನ್ನು ಬರಿಗಣ್ಣಿನಲ್ಲಿ ನೋಡಿ ಯಾವ ಮೂಲೆ ಸೊಟ್ಟಗಿದೆ ಎಂದು ಹೇಳುತ್ತಿದ್ದಳು. ಮದುವೆಯಾದ ಮೊದಲ ವರ್ಷದಲ್ಲಿ ಗಂಡ ಒಂದು ಕಟ್ಟು ಇಸ್ಪೀಟು ಹಿಡಿದು ಕನ್ನಡಿಯ ಮುಂದೆ ಕೂತು, ಎಲೆಗಳನ್ನು ನೆಲದ ತುಂಬ ಚೆಲ್ಲಿಕೊಂಡು ಮೈ ಪರಚಿಕೊಳ್ಳುವುದನ್ನು ಅವಳು ದಿನವೂ ನೋಡಿದಳು. ಅವನ ಬೆರಳುಗಳು ದಪ್ಪ. ಹತ್ತು ಜನ್ಮ ಎತ್ತಿದರೂ ಅವು ಇಸ್ಪೀಟಿಗೆ ಒಗ್ಗುವ ಬೆರಳುಗಳಲ್ಲ.

"ರೀ, ಕೈ ಬಗ್ಗಲ್ಲ ಅಂದ್ರೆ ಎಲೆ ಬಗ್ಗಿಸೋಣ, ತನ್ನಿ ಇಲ್ಲಿ," ಎಂದಳು.

ಅಂದಿನಿಂದ ಇಪ್ಪತ್ತಾರು ವರ್ಷ ಅವನ ಕಟ್ಟುಗಳನ್ನೆಲ್ಲ ತಯಾರಿಸಿದವಳು ಅವಳೇ. ಅಂಗಡಿಯಿಂದ ತಂದ ಹೊಸ ಕಟ್ಟು ಬಿಚ್ಚಿ, ಅಡಿಗೆಮನೆಯ ಮೇಜಿನ ಮೇಲೆ ಗಾಜಿನ ಹಲಗೆ ಇಟ್ಟು, ಉಕ್ಕಿನ ಅಡಿಪಟ್ಟಿ ಒತ್ತಿ ಹಿಡಿದು, ಒಂದೊಂದು ಎಲೆಯ ಉದ್ದದ ಅಂಚನ್ನೂ ಬ್ಲೇಡಿನಿಂದ ಸವರುತ್ತಿದ್ದಳು. ಎಲೆಯ ಒಂದು ತುದಿ ಇನ್ನೊಂದು ತುದಿಗಿಂತ ಕೂದಲೆಳೆಯಷ್ಟು ಕಿರಿದಾಗಬೇಕು. ಅದಕ್ಕಿಂತ ಹೆಚ್ಚಾದರೆ ನೋಡುವವರ ಕಣ್ಣಿಗೆ ಬೀಳುತ್ತದೆ, ಕಡಿಮೆಯಾದರೆ ಗಂಡನ ದಪ್ಪ ಬೆರಳಿಗೆ ಸಿಗುವುದಿಲ್ಲ. ಹೀಗೆ ಸವರಿದ ಕಟ್ಟಿನಲ್ಲಿ ನಾಲ್ಕು ಎಕ್ಕಗಳನ್ನು ಮಾತ್ರ ತಿರುಗುಮುರುಗಾಗಿಟ್ಟರೆ ಅವುಗಳ ಅಗಲದ ತುದಿ ಉಳಿದವುಗಳ ಕಿರಿದಾದ ತುದಿಯ ಪಕ್ಕ ಚೂರು ಹೊರಗೆ ನಿಲ್ಲುತ್ತದೆ. ಆಮೇಲೆ ಎಷ್ಟು ಕಲಸಿದರೂ ಅಷ್ಟೇ. ಹೆಬ್ಬೆರಳು, ನಡುಬೆರಳು ಎರಡೂ ಬದಿ ಸವರಿ ಎಳೆದರೆ ನಾಲ್ಕೂ ಎಕ್ಕ ಒಟ್ಟಿಗೆ ಬಂದು ಕೈಗೆ ಕೂರುತ್ತವೆ. ಸವರಿದ ಮೂಲೆಗಳನ್ನು ಮತ್ತೆ ದುಂಡಗೆ ತೀಡಿ, ಅಂಚಿನ ಬಿಳುಪು ಕಾಣದಂತೆ ಕೈಯಲ್ಲೇ ಉಜ್ಜಿ ಮಾಸಿಸಿ, ಪೌಡರು ಹಾಕಿ ಕೊಡುತ್ತಿದ್ದಳು. ಒಂದು ಕಟ್ಟಿಗೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯುತ್ತಿತ್ತು.

ಆ ಕಟ್ಟುಗಳನ್ನಿಟ್ಟುಕೊಂಡು ಪ್ರೊಫೆಸರ್ ಮಾಡುತ್ತಿದ್ದ ದೊಡ್ಡ ಐಟಂ ಎಂದರೆ ‘ಜೂಜುಕೋರನ ಮೇಜು’. ಸಭೆಯಿಂದ ಮೂವರನ್ನು ಕರೆದು ಸುತ್ತ ಕೂರಿಸಿಕೊಳ್ಳುತ್ತಿದ್ದ. ಅವರಿಂದಲೇ ಎಲೆ ಕಲಸಿಸಿ, ಮೂರೆಲೆ ಹಂಚುತ್ತಿದ್ದ. ಒಬ್ಬನಿಗೆ ಮೂರು ರಾಜ, ಇನ್ನೊಬ್ಬನಿಗೆ ಮೂರು ರಾಣಿ, ಮತ್ತೊಬ್ಬನಿಗೆ ಮೂರು ಗುಲಾಮ. ಅವರ ಮುಖ ಅರಳುತ್ತಿದ್ದ ಹಾಗೇ ತನ್ನ ಮೂರು ಎಕ್ಕ ಬಿಚ್ಚಿ ಮೇಜಿನ ಮೇಲೆ ಬಡಿಯುತ್ತಿದ್ದ. ಹಂಚುವಾಗ ಬಾಯಿಗೆ ಬಿಡುವಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿದ ಒಬ್ಬ ಮುದಿ ಜೂಜುಕೋರ ತನಗೆ ಈ ವಿದ್ಯೆ ಕಲಿಸಿದ ಎಂದು ಶುದ್ಧ ಸುಳ್ಳು ಹೊಸೆಯುತ್ತಿದ್ದ. ನಡುವೆ ದನಿ ತಗ್ಗಿಸಿ ಹೇಳುತ್ತಿದ್ದ: "ಆಟದಲ್ಲಿ ಮೋಸ ಮಾಡೋನ ಮುಖ ನೋಡಬೇಡಿ, ಕಿರುಬೆರಳು ನೋಡಿ. ಮೋಸಗಾರನ ಕಿರುಬೆರಳು ಯಾವತ್ತೂ ಮಡಚಲ್ಲ. ಎಲೆ ಹಾಕುವಾಗ ಹೀಗೆ ನೆಟ್ಟಗೆ ನಿಂತಿರುತ್ತೆ. ಅದು ಕಂಡ ತಕ್ಷಣ ಎದ್ದು ಮನೆಗೆ ಹೋಗಿ."

ಇಡೀ ಸಭೆ ಅವನ ಕಿರುಬೆರಳನ್ನೇ ನುಂಗುವ ಹಾಗೆ ನೋಡುತ್ತಿತ್ತು. ಅಷ್ಟರಲ್ಲಿ ಹೆಬ್ಬೆರಳೂ ನಡುಬೆರಳೂ ತಮ್ಮ ಕೆಲಸ ಮುಗಿಸಿರುತ್ತಿದ್ದವು.

ಈ ಮಾತು ರಟ್ಟಮ್ಮನದು. ಶುರುವಿನ ದಿನಗಳಲ್ಲಿ ಯಾರಾದರೂ ಒಬ್ಬ ತರಲೆ ಎದ್ದು "ಸ್ವಾಮಿ, ಹೆಬ್ಬೆರಳಲ್ಲಿ ಎಳೀತಿದೀರಿ" ಎಂದು ಮಾನ ಕಳೆಯುತ್ತಿದ್ದ. ಆಗ ಅವಳು, ಜನರ ಕಣ್ಣಿಗೆ ಮೇಯಲು ಏನಾದರೂ ಕೊಡಬೇಕು, ಕಿರುಬೆರಳು ಕೊಡಿ ಎಂದಿದ್ದಳು. ಕಿರುಬೆರಳಿಗೂ ಮೋಸಕ್ಕೂ ಎತ್ತಣಿಂದೆತ್ತ ಸಂಬಂಧ! ಎಳ್ಳಷ್ಟೂ ಇರಲಿಲ್ಲ. ಆದರೆ ಅದು ನಿಜದಂತೆ ಕೇಳಿಸುತ್ತಿತ್ತು, ಅವರಿಬ್ಬರಿಗೆ ಬೇಕಾಗಿದ್ದದ್ದೂ ಅಷ್ಟೇ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಸುಳ್ಳು ಯಾರಿಗೂ ಏನೂ ಕೇಡು ಮಾಡದೆ ಅವರಿಗೆ ಅನ್ನ ಹಾಕಿತು.

ಪ್ರದರ್ಶನಗಳಿಗೆ ರಟ್ಟಮ್ಮನೂ ಹೋಗುತ್ತಿದ್ದಳು. ಕೊನೆಯ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಎಕ್ಕಗಳು ಮೇಜಿನ ಮೇಲೆ ಬಿದ್ದಾಗ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು, ಗಂಡ ಬಗ್ಗಿ ವಂದಿಸುತ್ತಿದ್ದ. ಅವಳಿಗೆ ಬೇಜಾರಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತನ್ನ ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಅದು ಇದೆ ಎಂದೇ ಯಾರಿಗೂ ತಿಳಿಯುತ್ತಿರಲಿಲ್ಲ. ಅದೇ ಅವಳ ಹೆಮ್ಮೆ, ಅದೇ ಹೊಟ್ಟೆಯುರಿ.

ಒಂದು ಮಂಗಳವಾರ ಬೆಳಿಗ್ಗೆ ಬಾಗಿಲು ತಟ್ಟಿದ ಹುಡುಗಿಯನ್ನು ಅವಳು ಟಿಕೆಟ್ಟು ಕೇಳಲು ಬಂದವಳೋ ಏನೋ ಅಂದುಕೊಂಡಳು. ಇಪ್ಪತ್ತೈದರ ಆಸುಪಾಸು. ಬೆರಳ ತುದಿಗೆ ಸೂಜಿ ಚುಚ್ಚಿದ ಗುರುತು, ಲಂಗದ ಅಂಚಿಗೆ ಅಂಟಿದ್ದ ದಾರದ ತುಂಡು ನೋಡಿದರೆ ಹೊಲಿಗೆಯವಳು ಎಂದು ಗೊತ್ತಾಗುತ್ತಿತ್ತು.

"ಪ್ರೊಫೆಸರ್ ಇದಾರಾ ಅಮ್ಮಾ? ಹೋದ ತಿಂಗಳು ಲೇತ್ ಕಾರ್ಖಾನೆ ಕ್ಲಬ್ಬಲ್ಲಿ ಅವರ ಪ್ರೋಗ್ರಾಂ ಆಗಿತ್ತಲ್ಲ. ನಮ್ಮಪ್ಪ ಅಲ್ಲಿ ಫಿಟ್ಟರ್."

ಗಂಡ ಒಳಗಿನಿಂದ ಬಂದ. ಇನ್ನೊಂದು ಪ್ರೋಗ್ರಾಂ ಕೇಳಲು ಬಂದಿದ್ದಾಳೆ ಎಂದು ಮುಖದಲ್ಲಿ ನಗು ತಂದುಕೊಂಡು ಕುರ್ಚಿ ತೋರಿಸಿದ. ಹುಡುಗಿ ಕೂರಲಿಲ್ಲ. ನಿಂತೇ ಹೇಳಿದಳು, ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದವಳಂತೆ.

ಅವಳ ಅಪ್ಪನ ಬಲಗೈ ಕಿರುಬೆರಳಿನ ನರ ಹದಿನಾಲ್ಕು ವರ್ಷದ ಹಿಂದೆ ಮಷಿನ್ನಿಗೆ ಸಿಕ್ಕು ತುಂಡಾಗಿತ್ತು. ಅಂದಿನಿಂದ ಆ ಬೆರಳು ಮಡಚುವುದಿಲ್ಲ. ಜಾದೂ ನೋಡಿ ಬಂದ ದಿನ ಅಪ್ಪ ಊಟಕ್ಕೆ ಕೂತು ಆ ಬೆರಳು ಎತ್ತಿ ತೋರಿಸಿ, ನಾನೂ ಮೋಸಗಾರ ಕಣ್ರೇ ಎಂದು ಮನೆಯವರನ್ನೆಲ್ಲ ನಗಿಸಿದ್ದ. ಕ್ಲಬ್ಬಿನಲ್ಲಿಯೂ ಮೊದಲು ತಮಾಷೆಗೇ ಅಂದರು. ಭಾನುವಾರದ ಆಟ, ಪಣಕ್ಕಿದ್ದದ್ದು ಕ್ಯಾಂಟೀನಿನ ಚಹಾ ಚೀಟಿ. ಹನ್ನೊಂದು ವರ್ಷದಿಂದ ಅದೇ ನಾಲ್ಕು ಜನ. ಅಪ್ಪ ಹಂಚಿದ ಕೈಯಲ್ಲಿ ಅಪ್ಪನೇ ಮೂರು ಸಲ ಗೆದ್ದ. ಒಬ್ಬ ಬೆರಳು ನೋಡ್ರಪ್ಪಾ ಎಂದ. ಮುಂದಿನ ಭಾನುವಾರ ಮತ್ತೆ ಗೆದ್ದಾಗ ಯಾರೂ ನಗಲಿಲ್ಲ.

"ಮಡಚು ಅಂದ್ರಂತೆ," ಹುಡುಗಿ ಹೇಳಿದಳು. "ಮೋಸಗಾರ ಅಲ್ಲ ಅಂದ್ರೆ ಬೆರಳು ಮಡಚಿ ತೋರಿಸು ಅಂತ. ಅದು ಮಡಚಲ್ಲ ಅಂತ ಅವರಿಗೆಲ್ಲ ಗೊತ್ತು, ಗಾಯ ಆದಾಗ ಎತ್ತಿಕೊಂಡು ಆಸ್ಪತ್ರೆಗೆ ಹೋದೋರೂ ಅವರೇ. ಆದ್ರೂ ಇಬ್ಬರು ಕೈ ಮೇಜಿಗೆ ಒತ್ತಿ ಹಿಡಿದ್ರು, ಇನ್ನೊಬ್ಬ ಮಡಚಿದ. ಅದರ ಜೊತೆ ಪಕ್ಕದ ಎರಡು ಬೆರಳೂ ಮುರಿದಿವೆ."

ಪ್ರೊಫೆಸರನ ಮುಖದ ನಗು ಎಲ್ಲಿ ಹೋಯಿತೋ. ರಟ್ಟಮ್ಮ ಬಾಗಿಲಿಗೆ ಒರಗಿ ನಿಂತಳು.

"ಪೊಲೀಸಿಗೆ ಹೇಳಲಿಲ್ವಾ?" ಎಂದ ಅವನು.

"ಹೇಳಿದ್ರೆ ಇರೋ ಕೆಲಸವೂ ಹೋಗುತ್ತೆ ಸಾರ್. ಬರೋ ಭಾನುವಾರ ಕಮಿಟಿ ಸೇರುತ್ತೆ. ಮೋಸ ಮಾಡಿದಾನೆ ಅಂತ ತೀರ್ಮಾನ ಆದ್ರೆ ಅಪ್ಪನ ಜೊತೆ ಯಾರೂ ಶಿಫ್ಟಿಗೆ ನಿಲ್ಲಲ್ಲ ಅಂತ ಬರೆದುಕೊಟ್ಟಿದಾರೆ. ಮ್ಯಾನೇಜರು ಕಮಿಟಿ ಹೇಳಿದ ಹಾಗೆ ಅಂತಾರೆ. ನೀವು ಬಂದು ಒಂದು ಮಾತು ಹೇಳಿ ಸಾರ್. ಬೆರಳಿಗೂ ಮೋಸಕ್ಕೂ ಸಂಬಂಧ ಇಲ್ಲ ಅಂತ. ನಿಮ್ಮ ಮಾತಿಂದ ಶುರುವಾಗಿದ್ದು, ನಿಮ್ಮ ಮಾತಿಂದಲೇ ನಿಲ್ಲಲಿ."

ಬರುತ್ತೇನೆ ಎಂದು ಪ್ರೊಫೆಸರ್ ಒಪ್ಪಿಕೊಂಡ. ಒಪ್ಪದೆ ಗತಿಯಿರಲಿಲ್ಲ; ಹುಡುಗಿ ಅಲ್ಲಾಡದೆ ನಿಂತಿದ್ದಳು.

ಅವಳು ಹೋದ ಮೇಲೆ ಮನೆಯಲ್ಲಿ ಯುದ್ಧ. "ಗಾಯ ಆದ್ರೂ ಬೆರಳು ಹಾಗೆ ನಿಲ್ಲಬಹುದು ಅಂತ ಹೇಳಿ ಬರ್ತೀನಿ, ಅಷ್ಟೇ," ಎಂದ ಗಂಡ.

"ಅಷ್ಟು ಹೇಳಿದ್ರೆ ಸಾಲಲ್ಲ. ಬೆರಳಿನ ಮಾತೇ ಸುಳ್ಳು ಅನ್ನಿ. ಮೋಸ ಇರೋದು ಎಲೇಲಿ ಅಂತ ತೋರಿಸಿ."

"ತೋರಿಸಿದ್ರೆ ನಾಳೆಯಿಂದ ನಾನು ಯಾರು? ಕತ್ತರಿಸಿದ ಇಸ್ಪೀಟು ಹಿಡಿದು ಊರೂರು ಅಲೆಯೋ ದಡ್ಡ. ಗುಟ್ಟು ಬಿಟ್ಟ ಜಾದೂಗಾರನನ್ನ ನಾಯೀನೂ ಮೂಸಲ್ಲ ಕಣೇ."

"ಆ ಮನುಷ್ಯನ ಮೂರು ಬೆರಳು ಮುರಿದಿವೆ ರೀ."

"ನಾನು ಮುರಿದ್ನಾ?"

"ಆ ಬೆರಳಿನ ಮಾತು ಹೇಳಿಕೊಟ್ಟೋಳು ನಾನು. ನನಗೇನಾದ್ರೂ ಅನ್ನಿಸಬೇಕೋ ಬೇಡ್ವೋ?"

ಗಂಡ ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತ ನಿಂತ. ಅವನು ಕೆಟ್ಟವನಲ್ಲ, ಹೆದರುಪುಕ್ಕಲ. ಇಪ್ಪತ್ತಾರು ವರ್ಷ ಚಕ್ರವರ್ತಿ ಎನ್ನಿಸಿಕೊಂಡವನಿಗೆ ಸಿಂಹಾಸನದ ಕೆಳಗೆ ರಟ್ಟು ಇದೆ ಎಂದು ತೋರಿಸಿ ಎಂದರೆ ಅದೇನು ಸುಲಭವೇ? ರಟ್ಟಮ್ಮ ಭಾನುವಾರ ಹೊರಡುವಾಗ ಒಂದು ಕಟ್ಟನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಅವನಿಗೆ ಹೇಳಲಿಲ್ಲ.

ಕ್ಲಬ್ಬು ಎಂದರೆ ಕಾರ್ಖಾನೆಯ ಹಿಂಭಾಗದ ಒಂದು ಉದ್ದನೆಯ ಹಾಲು. ತಗಡಿನ ಮಾಡು, ಒಂದು ಕೇರಂ ಬೋರ್ಡು, ಗೋಡೆಗೆ ಹಳೇ ಕ್ಯಾಲೆಂಡರುಗಳು, ಎಷ್ಟು ಗುಡಿಸಿದರೂ ಹೋಗದ ಗ್ರೀಸಿನ ವಾಸನೆ. ಬೆಂಚುಗಳ ಮೇಲೆ ಐವತ್ತು ಜನ ಇದ್ದಿರಬೇಕು. ಮುಂದಿನ ಮೇಜಿನ ಹಿಂದೆ ಕಾರ್ಯದರ್ಶಿ, ಒಣಕಲು ಮೈಯ ಸ್ಟೋರ್ ಕೀಪರ್. ಏನನ್ನೂ ಎರಡು ಸಲ ಎಣಿಸದೆ ಬಿಡುವ ಆಸಾಮಿಯಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಫಿಟ್ಟರ್ ಕೂತಿದ್ದ. ಮೊಣಕೈವರೆಗೆ ಪಟ್ಟಿ. ದೊಡ್ಡಾಳು, ಆದರೆ ಯಾರಿಗೂ ಅಡ್ಡವಾಗಬಾರದು ಎಂಬಂತೆ ಕಾಲು ಒಳಗೆಳೆದುಕೊಂಡು ಕೂತಿದ್ದ. ಮಗಳು ಪಕ್ಕದಲ್ಲಿ ನಿಂತಿದ್ದಳು. ರಟ್ಟಮ್ಮನನ್ನು ಕಂಡು ಸಣ್ಣಗೆ ತಲೆಯಾಡಿಸಿದಳು. ಆ ಮುಖದಲ್ಲಿದ್ದ ಭರವಸೆಯನ್ನು ನೋಡಲಾಗದೆ ರಟ್ಟಮ್ಮ ಕಣ್ಣು ತಿರುಗಿಸಿದಳು.

ಪ್ರೊಫೆಸರ್ ಎದ್ದು ಗಂಟಲು ಸರಿಮಾಡಿಕೊಂಡ. ವೇದಿಕೆಯ ಮೇಲೆ ಗುಡುಗುತ್ತಿದ್ದ ದನಿ ಇಲ್ಲಿ ಎರಡನೇ ಬೆಂಚಿಗೂ ತಲುಪಲಿಲ್ಲ.

"ಗಾಯದಿಂದಲೂ ಬೆರಳು ಹಾಗೆ ನಿಲ್ಲಬಹುದು. ನಿಂತ ಮಾತ್ರಕ್ಕೆ ಮೋಸ ಅಂತ ಹೇಳೋಕಾಗಲ್ಲ."

"ಮೋಸ ಅಲ್ಲ ಅಂತಲೂ ಹೇಳೋಕಾಗಲ್ಲ, ಅಲ್ವಾ?" ಕಾರ್ಯದರ್ಶಿ ಕೇಳಿದ.

"ಅದು… ಹಾಗೆ ನೋಡಿದ್ರೆ…"

"ಹೌದೋ ಅಲ್ವೋ ಹೇಳಿ ಸಾರ್. ಈ ಕಸುಬು ಗೊತ್ತಿರೋದು ನಿಮಗೆ."

ಪ್ರೊಫೆಸರ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಕೂತುಬಿಟ್ಟ. ಹಿಂದಿನ ಬೆಂಚಿನಿಂದ ಯಾರೋ "ನೋಡಿದ್ರಾ?" ಎಂದರು. ಫಿಟ್ಟರ್ ನೆಲ ನೋಡುತ್ತಿದ್ದ.

ರಟ್ಟಮ್ಮ ಎದ್ದಳು. ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ, ಗೊತ್ತಾಗುವಷ್ಟರಲ್ಲಿ ಅರ್ಧ ದಾರಿ ನಡೆದಿದ್ದಳು. ಇಷ್ಟು ವರ್ಷದಲ್ಲಿ ಜನರೆದುರು ನಿಂತು ಒಂದು ಮಾತು ಆಡಿದವಳಲ್ಲ. ಕೈಚೀಲದಿಂದ ಕಟ್ಟು ತೆಗೆದು ಕಾರ್ಯದರ್ಶಿಯ ಮೇಜಿನ ಮೇಲಿಟ್ಟಳು.

"ಇವರು ಹೇಳಲ್ಲ, ನಾನು ಹೇಳ್ತೀನಿ," ಎಂದಳು. "ಬೆರಳಿನ ಮಾತು ಪೂರ್ತಿ ಸುಳ್ಳು. ಅದನ್ನ ಕಟ್ಟಿದ್ದು ನಾನು. ನೀವು ಬೆರಳು ನೋಡ್ತಿರಲಿ, ಇವರ ಕೈ ನೋಡದೆ ಇರಲಿ ಅಂತ. ಇವರಿಗೆ ಎಲೆ ಆಡಿಸೋಕೇ ಬರಲ್ಲ. ನಿಮ್ಮ ಕ್ಲಬ್ಬಿನ ಕಟ್ಟು ಕೊಟ್ರೆ ನೆಟ್ಟಗೆ ಕಲಸೋಕೂ ಬರಲ್ಲ. ಮೋಸ ಎಲ್ಲ ಈ ಎಲೆಗಳಲ್ಲಿದೆ. ನಾನು ಕತ್ತರಿಸಿ ಕೊಡ್ತೀನಿ."

ಪ್ರೊಫೆಸರ್ ಹೆಂಡತಿಯ ಕಡೆ ನೋಡಲಿಲ್ಲ. ಅವನು ಕೂತಲ್ಲೇ ಚಿಕ್ಕವನಾದ ಎಂದರೆ ಸರಿಯಾದೀತು.

ಅವಳು ನಾಲ್ಕು ಎಕ್ಕ ತಿರುಗಿಸಿ ಒಳಗೆ ಸೇರಿಸಿ, ಮುಂದಿನ ಬೆಂಚಿನವನ ಕೈಗೆ ಕೊಟ್ಟು ಕಲಸಿಸಿ, ಎಲ್ಲರ ಎದುರೇ ಎಳೆದು ತೋರಿಸಿದಳು. ನಾಲ್ಕೂ ಬಂದವು. ಮತ್ತೆ ಮಾಡಿದಳು, ಮತ್ತೆ ಬಂದವು. ಜನ ಎದ್ದು ಮೇಜಿನ ಸುತ್ತ ಮುಗಿಬಿದ್ದರು. ಎಲೆಗಳು ಕೈಯಿಂದ ಕೈಗೆ ಹೋದವು. ಎಲ್ಲಿ ಕತ್ತರಿಸಿದೆ, ಏನೂ ಕಾಣಲ್ಲವಲ್ಲ ಎಂದರು. ಬಾಗಿಲ ಹತ್ತಿರ ಹುಡುಗಿ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದಳು, ಮೊದಲ ಸಲ ಅವನು ತಲೆಯೆತ್ತಿದ್ದ. ಆಗಲೇ ಅಲ್ಲಿಗೇ ನಿಲ್ಲಿಸಿ ಹೊರಟುಬಿಟ್ಟಿದ್ದರೆ ಎಂದು ರಟ್ಟಮ್ಮ ಆಮೇಲೆ ಎಷ್ಟು ಸಲ ಅಂದುಕೊಂಡಳೋ.

ಆದರೆ ಅವಳು ಬಂದದ್ದು ಅಳತೆಯ ಮೇಲೆ ಬದುಕುವ ಜನರ ನಡುವೆ. ಹಿರಿಯ ಟರ್ನರ್ ಒಬ್ಬ, ತಲೆ ಪೂರ್ತಿ ನೆರೆತವನು, ಎಲ್ಲರನ್ನೂ ಸರಿಸಿ ಮುಂದೆ ಬಂದು ಅಂಗಿಯ ಜೇಬಿನಿಂದ ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ತೆಗೆದ. ಒಂದು ಎಕ್ಕದ ಎರಡೂ ತುದಿ ಅಳೆದ. ಇನ್ನೊಂದರದನ್ನು ಅಳೆದ. ಹತ್ತು ಎಲೆ ಅಳೆದು ಕನ್ನಡಕ ಹಣೆಗೇರಿಸಿ ಅವಳ ಮುಖ ನೋಡಿದ.

"ತುದಿಗೂ ತುದಿಗೂ ಇರೋ ವ್ಯತ್ಯಾಸ ಎಲ್ಲದರಲ್ಲೂ ಒಂದೇ," ಎಂದ. "ಒಂದು ಪಾಯಿಂಟ್ ಆಚೀಚೆ ಇಲ್ಲ. ಯಾವ ಮಷಿನ್ನಲ್ಲಿ ಮಾಡಿದ್ರಿ?"

"ಮಷಿನ್ ಇಲ್ಲ. ಬ್ಲೇಡು, ಅಡಿಪಟ್ಟಿ."

"ಬರೀ ಕೈಯಿಂದಾ?" ಟರ್ನರ್ ಸುತ್ತಲಿದ್ದವರ ಕಡೆ ತಿರುಗಿದ. "ಕೇಳಿದ್ರೇನ್ರೋ? ನಲವತ್ತು ವರ್ಷ ಲೇತ್ ಮೇಲೆ ನಿಂತಿದೀನಿ, ನನ್ನ ಕೈಲಿ ಆಗಲ್ಲ. ಹೇಗಮ್ಮಾ ಇದು?"

ಅವಳ ಮೈಯಲ್ಲಿ ಏನೋ ಬಿಸಿ ಹರಿದಾಡಿತು. ಇಪ್ಪತ್ತಾರು ವರ್ಷ ಕೊನೆಯ ಸಾಲಿನಲ್ಲಿ ಕೂತವಳ ಕೆಲಸವನ್ನು ಇವತ್ತು ಒಬ್ಬ ಬಲ್ಲವನು ಅಳೆದು ನೋಡಿ, ಭೇಷ್ ಎಂದಿದ್ದ. ಅವಳು ಹೇಳಿದಳು. ಗಾಜಿನ ಹಲಗೆಯ ಮಾತು ಹೇಳಿದಳು, ಅಡಿಪಟ್ಟಿಯ ಕೆಳಗೆ ಸಿಗರೇಟು ಕಾಗದ ಇಟ್ಟು ಓರೆ ಕೊಡುವುದನ್ನು ಹೇಳಿದಳು, ಮೂಲೆ ತೀಡುವುದು, ಅಂಚು ಮಾಸಿಸುವುದು, ಎಲ್ಲ. ನಡುವೆ ನಕ್ಕಳು ಕೂಡ. ಕೇಳುವವರ ಕಣ್ಣು ಅವಳ ಕೈಮೇಲೇ ಇತ್ತು. ಆ ಹತ್ತು ನಿಮಿಷ ಅವಳಿಗೆ ಬಾಗಿಲ ಪಕ್ಕದ ಸ್ಟೂಲು ನೆನಪಾಗಲಿಲ್ಲ.

"ಯಾವ ಕಟ್ಟಾದ್ರೂ ಹೀಗೆ ಮಾಡಬಹುದಾ?" ಕಾರ್ಯದರ್ಶಿ ಮೆಲ್ಲಗೆ ಕೇಳಿದ.

"ಯಾವುದಾದ್ರೂ ಸರಿ. ಅಂಗಡೀಲಿ ಸಿಗೋ ಸಾದಾ ಕಟ್ಟು ಸಾಕು."

"ಕೈ ಕುದುರಿದೋರು ಯಾರು ಬೇಕಾದ್ರೂ?"

"ಅಳತೆ ಗೊತ್ತಿದ್ದು, ತಾಳ್ಮೆ ಇದ್ರೆ…" ಎಂದಳು ರಟ್ಟಮ್ಮ.

"ಫಿಟ್ಟರ್ ಆದ್ರೆ?"

ಫಿಟ್ಟರ್ ಎಂದರೆ ದಿನವಿಡೀ ಅರ ಹಿಡಿದು ಕೂದಲೆಳೆಯಷ್ಟು ಲೋಹ ತೀಡುವವನು ಎಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಲ್ಲ, ಇಲ್ಲ, ನಾನು ಹೇಳಿದ್ದು ಆ ಅರ್ಥದಲ್ಲಿ ಅಲ್ಲ," ಎಂದಳು ಅವಳು.

ಕಾರ್ಯದರ್ಶಿ ಆಗಲೇ ಕಪಾಟು ತೆರೆದು ಕ್ಲಬ್ಬಿನ ಕಟ್ಟು ತಂದಿದ್ದ. ಮೂರು ವರ್ಷ ಐವತ್ತು ಜನರ ಕೈಬೆವರು ಕುಡಿದು ಉಬ್ಬಿದ ಅಗ್ಗದ ಕಟ್ಟು. "ಅಳೆಯಿರಿ," ಎಂದು ಟರ್ನರನ ಮುಂದಿಟ್ಟ. ಟರ್ನರನಿಗೆ ಮನಸ್ಸಿರಲಿಲ್ಲವೇನೋ, ಆದರೆ ವರ್ನಿಯರ್ ಕೈಯಲ್ಲೇ ಇತ್ತು. ಅವನು ಒಂದೊಂದೇ ಅಳೆಯುತ್ತ ಹೋದ, ಕಾರ್ಯದರ್ಶಿ ಒಂದೊಂದೇ ಬರೆದುಕೊಳ್ಳುತ್ತ ಹೋದ. ಹದಿಮೂರು ಎಲೆಗಳಲ್ಲಿ ಒಂದು ತುದಿಗೂ ಇನ್ನೊಂದಕ್ಕೂ ವ್ಯತ್ಯಾಸ ಬಂತು. ಅದರಲ್ಲಿ ಎರಡು ಎಕ್ಕ, ಒಂದು ರಾಜ. ಉಳಿದ ಹತ್ತು ಮೂರು, ಏಳು, ಒಂಬತ್ತರಂಥ ಯಾವ ಕೆಲಸಕ್ಕೂ ಬಾರದ ಎಲೆಗಳು. ಆದರೆ ಕಾರ್ಯದರ್ಶಿ ಗಟ್ಟಿಯಾಗಿ ಓದಿದ್ದು ಎಕ್ಕಗಳನ್ನು.

"ಎಲ್ಲ ಕಟ್ಟಲ್ಲೂ ಹಾಗೇ ಇರುತ್ತೆ!" ರಟ್ಟಮ್ಮ ಕೂಗಿದಳು. "ಕಾರ್ಖಾನೇಲಿ ಕತ್ತರಿಸುವಾಗಲೇ ಹೆಚ್ಚುಕಡಿಮೆ ಬರುತ್ತೆ. ಬೆವರಿಗೆ ಊದಿಕೊಳ್ಳುತ್ತೆ. ಇದನ್ನ ಯಾರೂ ಕತ್ತರಿಸಿಲ್ಲ, ಕತ್ತರಿಸಿದ್ದು ನನಗೆ ಗೊತ್ತಾಗಲ್ವಾ? ಇನ್ನೊಂದು ಕಟ್ಟು ತರಿಸಿ ಅಳೆದು ನೋಡಿ!"

"ಅಮ್ಮಾ, ಕತ್ತರಿಸಿದ್ದು ಯಾರಿಗೂ ಗೊತ್ತಾಗಲ್ಲ ಅಂತ ಈಗ ತಾನೇ ನೀವೇ ತೋರಿಸಿದ್ರಿ," ಎಂದ ಕಾರ್ಯದರ್ಶಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆಯಾದ ಸಮಾಧಾನವಿತ್ತು. "ಇವನ ಮಗಳು ಮಂಗಳವಾರ ನಿಮ್ಮ ಮನೆಗೆ ಬಂದಿದ್ದು ನಿಜ ತಾನೇ?"

"ಬಂದಿದ್ದು ಸಹಾಯ ಕೇಳೋಕೆ."

"ನಿಮ್ಮ ಪರಿಚಯ ಮೊದಲಿಂದಲೂ ಇರಲಿಲ್ಲ ಅಂತ ನಾವು ಹೇಗೆ ತಿಳಿಯೋಣ?"

ರಟ್ಟಮ್ಮ ಗಂಡನ ಕಡೆ ನೋಡಿದಳು. ಚಕ್ರವರ್ತಿ ಈಗಲಾದರೂ ಬಾಯಿ ಬಿಡಬಹುದು ಎಂದುಕೊಂಡಳು. ಅವನು ಮಡಿಲಲ್ಲಿ ಕರವಸ್ತ್ರ ಮಡಚುತ್ತ, ಬಿಚ್ಚುತ್ತ ಕೂತಿದ್ದ. ಆ ಕ್ಷಣ ಅವಳಿಗೆ ಅವನ ಮೇಲೆ ಬಂದ ಅಸಹ್ಯ ಆಮೇಲೆ ಪೂರ್ತಿ ಹೋಗಲೇ ಇಲ್ಲ.

ಫಿಟ್ಟರನನ್ನು ಕೇಳಿದರು. ಏನಾದರೂ ಹೇಳುವುದಿದೆಯಾ ಎಂದು. ಅವನು ಎದ್ದು ನಿಂತ. "ನಾನು ಕತ್ತರಿಸಿಲ್ಲಪ್ಪಾ," ಎಂದ. ಬೆರಳಿನ ಮಾತಾಗಿದ್ದರೆ ಅವನ ಹತ್ತಿರ ಉತ್ತರವಿತ್ತು, ಗಾಯದ ದಿನದ ಸಾಕ್ಷಿಗಳಿದ್ದರು. ಇದಕ್ಕೆ ಏನು ಉತ್ತರ ಕೊಡುತ್ತಾನೆ ಪಾಪ.

ಮೋಸ ಎನ್ನುವವರ ಕೈಯೆತ್ತಿಸಿದರು. ಮೊದಲು ಎತ್ತಿದವರು ಬೆರಳು ಮುರಿದ ಆ ಮೂವರು, ಬಲು ಬೇಗ ಎತ್ತಿದರು. ಬಾಗಿಲಿಂದ ಒಳಗೆ ಬಂದಾಗ ಆ ಮೂವರ ಮುಖ ಸತ್ತವರ ಮುಖದಂತಿತ್ತು, ಹನ್ನೊಂದು ವರ್ಷ ಜೊತೆ ಕೂತು ಆಡಿದ ಸ್ನೇಹಿತನ ಕೈ ಮುರಿದವರಿಗೆ ನಿದ್ದೆ ಎಲ್ಲಿಂದ ಬರಬೇಕು? ಈಗ ಅವು ನಿರಾಳವಾಗಿದ್ದವು. ಅವರು ಮುರಿದದ್ದು ಒಬ್ಬ ಮೋಸಗಾರನ ಕೈ ಎಂದು ಅಳತೆ ಹೇಳಿತ್ತು. ಅದನ್ನು ಅವರಿಗೆ ತಂದುಕೊಟ್ಟವಳು ತಾನು ಎಂದು ರಟ್ಟಮ್ಮನಿಗೆ ಅರ್ಥವಾಯಿತು. ಟರ್ನರ್ ಕೊನೆಗೆ ಎತ್ತಿದ, ಅರ್ಧ ಮಾತ್ರ. ಎಣಿಸುವಾಗ ಕಾರ್ಯದರ್ಶಿ ಅದನ್ನೂ ಒಂದು ಎಂದೇ ಎಣಿಸಿದ.

ಜನ ಚದುರಿದರು. ಟರ್ನರ್ ಅವಳ ಹತ್ತಿರ ಬಂದು, "ಒಂದು ಎಲೆ ಇಟ್ಕೊಳ್ಳಲೇನಮ್ಮಾ? ಹುಡುಗರಿಗೆ ತೋರಿಸೋಕೆ," ಎಂದು ಕೇಳಿದ. ಅವಳು ಉತ್ತರಿಸುವ ಮೊದಲೇ ಒಂದನ್ನು ಜೇಬಿಗಿಳಿಸಿದ.

ಪ್ರೊಫೆಸರ್ ಅಷ್ಟು ಹೊತ್ತಿಗೆ ಗೇಟು ದಾಟಿದ್ದ. ಬೆಳಗಿನ ಬಿಸಿಲು ಏರಿತ್ತು. ಅಂಗಳದಲ್ಲಿ ತುಕ್ಕು ಹಿಡಿದ ತಗಡಿನ ರಾಶಿಯ ಪಕ್ಕ ಅಪ್ಪ ಮಗಳು ನಿಂತಿದ್ದರು. ಕಾಣದ ಹಾಗೆ ಹೋಗಿಬಿಡೋಣ ಎಂದು ರಟ್ಟಮ್ಮನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಹತ್ತಿರ ಹೋದಳು.

"ನಾನು ಮ್ಯಾನೇಜರ ಹತ್ತಿರ ಹೋಗ್ತೀನಿ," ಎಂದಳು. "ಹತ್ತು ಹೊಸ ಕಟ್ಟು ತಗೊಂಡು ಹೋಗಿ ಅಳೆದು ತೋರಿಸ್ತೀನಿ. ಎಲ್ಲದರಲ್ಲೂ ವ್ಯತ್ಯಾಸ ಇರುತ್ತೆ ಅಂತ…"

"ಬೇಡಿ ಅಮ್ಮಾ," ಎಂದಳು ಹುಡುಗಿ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ದಣಿದವಳಂತೆ ಹೇಳಿದಳು. "ನಿನ್ನೆವರೆಗೂ ಅವರಿಗೆ ಅನುಮಾನ ಇತ್ತು ಅಷ್ಟೇ. ಅನುಮಾನ ಇವತ್ತಲ್ಲ ನಾಳೆ ಹೋಗ್ತಿತ್ತೇನೋ. ಇವತ್ತು ನೀವು ಲೆಕ್ಕ ಕೊಟ್ರಿ. ಇನ್ನೇನೂ ಕೊಡಬೇಡಿ."

ಫಿಟ್ಟರ್ ಇದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಎದೆಗೆ ಒತ್ತಿ ಹಿಡಿದು ಏನೋ ಯೋಚಿಸುತ್ತಿದ್ದ. ಆಮೇಲೆ ಒಂದು ಹೆಜ್ಜೆ ಅವಳ ಹತ್ತಿರ ಬಂದ. ಮಗಳಿಗೆ ಕೇಳಬಾರದು ಎನ್ನುವ ಹಾಗೆ ದನಿ ತಗ್ಗಿಸಿದ.

"ನಿಮಗೆ ಗೊತ್ತಿರುತ್ತೆ, ಅದಕ್ಕೆ ಕೇಳ್ತಿದೀನಿ," ಎಂದ. "ಆ ಎಕ್ಕಗಳಲ್ಲಿ ವ್ಯತ್ಯಾಸ ಇದ್ದಿದ್ದು ನಿಜ ಅಲ್ವಾ? ನಾನು ಕಲಸುವಾಗ ನನ್ನ ಕೈಗೆ ಅದು ಸಿಕ್ಕಿರಬಹುದಾ? ನನಗೇ ಗೊತ್ತಾಗದ ಹಾಗೆ?"

"ಇಲ್ಲ," ಎಂದಳು ರಟ್ಟಮ್ಮ. "ಖಂಡಿತ ಇಲ್ಲ. ನೀವು ಗೆದ್ದಿದ್ದು ನಿಮ್ಮ ಅದೃಷ್ಟ."

ಅವನು ಸರಿ ಎಂಬಂತೆ ತಲೆಯಾಡಿಸಿದ. ಇಪ್ಪತ್ತಾರು ವರ್ಷ ಹಿಂದಿನ ಸಾಲಿನಲ್ಲಿ ಕೂತು, ಯಾರು ನಂಬಿದರು ಯಾರು ನಂಬಲಿಲ್ಲ ಎಂದು ಮುಖಗಳನ್ನು ಓದುವುದೇ ಕೆಲಸವಾಗಿದ್ದವಳು ಅವಳು. ಅವನು ನಂಬಿರಲಿಲ್ಲ. ಮಗಳು ಅವನ ಎಡಗೈ ಹಿಡಿದುಕೊಂಡಳು, ಇಬ್ಬರೂ ಗೇಟಿನ ಕಡೆ ನಡೆದರು. ಗೇಟಿನ ಹತ್ತಿರ ಅವನು ಒಮ್ಮೆ ನಿಂತು, ಗಟ್ಟಿಯಿದ್ದ ಆ ಎಡಗೈಯನ್ನು ಬಿಡಿಸಿಕೊಂಡು ಕಣ್ಣ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ.